17 ಡಾಲರ್ 9 ಸೆಂಟ್‌ನ ಚುನಾವಣೆಯಿಂದ ನಾನು ಕಲಿತದ್ದು

ಅಮೆರಿಕದ ವರ್ಮಾಂಟ್ ರಾಜ್ಯದ ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ರೂಪಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಇನ್ನೂರು ಚಿಲ್ಲರೆ ಮನೆಗಳ ಒಂದು ಊರಿನ ಹಳೇ ಪೈಪ್‌ಲೈನ್ ಬದಲಿಸಲು ನಾನು ಮಾಡಿದ್ದ ಯೋಜನೆಯನ್ನು ಊರವರು ಮತ ಹಾಕಿ ತಿರಸ್ಕರಿಸಿದರು. ಇಲ್ಲಿ ಊರು ಇಂಥದ್ದಕ್ಕೆ ಸಾಲ ಎತ್ತಬೇಕಾದರೆ ಮತದಾರರು ಒಪ್ಪಲೇಬೇಕು. ಲೆಕ್ಕ ಸರಿಯಿತ್ತು, ನಕ್ಷೆ ಸರಿಯಿತ್ತು, ಅನುದಾನವೂ ಸಿಗುವಂತಿತ್ತು. ಮತದಾನಕ್ಕೆ ಮೂರು ವಾರ ಇರುವಾಗ ಬಣ್ಣದ ಕರಪತ್ರ ಹಂಚಿಸಿ, ಶಾಲೆಯಲ್ಲಿ ಒಂದು ಗಂಟೆ ವಿವರಿಸಿ ಬಂದಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ, ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: "ಕರಪತ್ರಕ್ಕೆ ಎಷ್ಟು ಖರ್ಚಾಯ್ತು?" ಹೇಳಿದೆ. "ಜಾರ್ಜ್ ಏಕೆನ್ ಕೊನೇ ಚುನಾವಣೆಗೆ ಖರ್ಚು ಮಾಡಿದ್ದು 17 ಡಾಲರ್ 9 ಸೆಂಟ್" ಅಂದರು. ಯಾರು ಏಕೆನ್ ಅಂತ ನನಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ತಲೆ ತಗ್ಗಿಸುವಂತಾಯಿತು. ನಾನು ದಿನಾ ಅರ್ಜಿ ತುಂಬುವ ಹಳ್ಳಿ ನೀರಿನ ಸಾಲ, ಅನುದಾನಗಳ ಬೇರು ಇರುವುದೇ ಅವರು ತಂದ ಕಾನೂನಿನಲ್ಲಿ.

ಏಕೆನ್ 1892ರಲ್ಲಿ ಹುಟ್ಟಿದವರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಪಟ್ನಿ ಎಂಬ ಹಳ್ಳಿಯಲ್ಲಿ ನೂರು ಡಾಲರ್ ಸಾಲ ಮಾಡಿ ರಾಸ್‌ಬೆರಿ ಬೆಳೆಯಲು ಶುರುಮಾಡಿ, ನರ್ಸರಿ ಕಟ್ಟಿ, ಕಾಡುಹೂಗಳನ್ನು ತೋಟದಲ್ಲಿ ಬೆಳೆಸುವುದರಲ್ಲಿ ಪಳಗಿದರು. ಶಾಸಕ, ಸ್ಪೀಕರ್, 1937ರಲ್ಲಿ ಗವರ್ನರ್, ಅಂದರೆ ನಮ್ಮಲ್ಲಿನ ಮುಖ್ಯಮಂತ್ರಿಯಂಥ ಚುನಾಯಿತ ಹುದ್ದೆ. 1941ರಿಂದ 1975ರವರೆಗೆ ಸೆನೆಟರ್, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆಯ ಸದಸ್ಯ. ಸೆನೆಟ್‌ನಲ್ಲಿ ಅಷ್ಟು ವರ್ಷ ಕೂತರೂ ಅವರಿಗೆ 'ಗವರ್ನರ್' ಅಂತ ಕರೆಸಿಕೊಳ್ಳುವುದೇ ಇಷ್ಟವಾಗಿತ್ತಂತೆ. ರಿಪಬ್ಲಿಕನ್ ಪಕ್ಷದವರಾದರೂ ಹೆಚ್ಚುಕಡಿಮೆ ದಿನಾ ಬೆಳಗಿನ ತಿಂಡಿ ಡೆಮೊಕ್ರಾಟ್ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್ ಜೊತೆ. ಅವರೂ ಮೊಂಟಾನಾ ಎಂಬ ಹಳ್ಳಿಗಾಡಿನ ರಾಜ್ಯದವರು.

ವರ್ಮಾಂಟ್‌ನ ಇಡೀ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 6.4 ಲಕ್ಷ. ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಜನ. ಆದರೂ ನಾಲ್ಕು ಕೋಟಿ ಸಮೀಪದ ಕ್ಯಾಲಿಫೋರ್ನಿಯಕ್ಕೆ ಇರುವ ಹಾಗೇ ಇದಕ್ಕೂ ಸೆನೆಟ್‌ನಲ್ಲಿ ಎರಡು ಸ್ಥಾನ. ಆ ಸ್ಥಾನವನ್ನು ಏಕೆನ್ ಯಾವುದಕ್ಕೆ ಬಳಸಿದರು ಅನ್ನುವುದು ನನಗೆ ಮುಖ್ಯವಾಗಿ ಕಂಡಿತು. ಪಟ್ಟಣದಲ್ಲಿ ಒಂದು ಬೀದಿ ಅಗೆದರೆ ನೂರು ಮನೆಗೆ ನೀರು. ಹಳ್ಳಿಯಲ್ಲಿ ಅಷ್ಟೇ ಉದ್ದ ಅಗೆದರೆ ಐದು ಮನೆಗೆ. ಬಂಡೆ ನೆಲದಲ್ಲಿ, ಚಳಿಗೆ ಹೆಪ್ಪುಗಟ್ಟದಿರಲು ಐದಾರು ಅಡಿ ಆಳಕ್ಕೆ. ಆ ಐದು ಮನೆಯವರೇ ಪೂರ್ತಿ ಖರ್ಚು ಹೊರಲಿ ಅಂದರೆ ಅವರಿಗೆ ನಲ್ಲಿ ನೀರು ಎಂದಿಗೂ ಬರುವುದಿಲ್ಲ. 1965ರಲ್ಲಿ ಟೆಕ್ಸಸ್‌ನ ಸಂಸದ ಪೋಗ್ ಜೊತೆ ಸೇರಿ ಅವರು ತಂದ ಪೋಗ್–ಏಕೆನ್ ಕಾಯ್ದೆ ಈ ಲೆಕ್ಕವನ್ನೇ ಬದಲಿಸಿತು: ಹಳ್ಳಿ ನೀರು ಮತ್ತು ಒಳಚರಂಡಿಗೆ ಕೇಂದ್ರದಿಂದ ಅನುದಾನ ಮತ್ತು ಸಾಲ. ಇವತ್ತು ಹತ್ತು ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಊರುಗಳಿಗೆ 40 ವರ್ಷದವರೆಗಿನ ಸಾಲ ಸಿಗುತ್ತದೆ.

ಇನ್ನು ಆ 17 ಡಾಲರ್ 9 ಸೆಂಟ್. 1968ರಲ್ಲಿ ಅದರ ಬಹುಪಾಲು ಹೋದದ್ದು ಅಂಚೆ ವೆಚ್ಚಕ್ಕೆ. ತಾವು ಕೇಳದೆಯೇ ತಮ್ಮ ನಾಮಪತ್ರಕ್ಕೆ ಸಹಿ ಸಂಗ್ರಹಿಸಿದವರಿಗೆ ಧನ್ಯವಾದ ಬರೆದರು. ಆ ಸಲ ಡೆಮೊಕ್ರಾಟರೂ ಅವರನ್ನೇ ತಮ್ಮ ಅಭ್ಯರ್ಥಿ ಮಾಡಿಕೊಂಡರು. ಈಶಾನ್ಯ ಮೂಲೆಯ ಮೂರು ಬಡ ಕೌಂಟಿಗಳನ್ನು (ಜಿಲ್ಲೆಯಂಥ ವಿಭಾಗಗಳು) 1949ರಲ್ಲಿ 'ಈಶಾನ್ಯ ಸಾಮ್ರಾಜ್ಯ' ಅಂತ ಕರೆದವರೂ ಅವರೇ. ಅಲ್ಲಿನ ಜನ ಇಂದಿಗೂ ಆ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಚುನಾವಣೆ ಇಲ್ಲದ ವರ್ಷಗಳಲ್ಲೂ ಜನರ ಜೊತೆ ಇದ್ದವರಿಗೆ ಮಾತ್ರ ಹೀಗಾಗುತ್ತದೆ ಅಂತ ನಾನು ನಂಬುತ್ತೇನೆ. ನಾನಾದರೋ ಮೂರು ವಾರ ಮೊದಲು ಹೋಗಿದ್ದೆ.

ಆಮೇಲೆ ಎಂಟು ತಿಂಗಳು ಪ್ರತಿ ಗುರುವಾರ ಆ ಊರಿಗೆ ಹೋದೆ. ಮನೆಮನೆಗೆ ಹೋಗಿ ನಲ್ಲಿಯ ಒತ್ತಡ ಅಳೆದೆ, ಕೇಳಿದ ಪ್ರಶ್ನೆಗಳಿಗೆಲ್ಲ ಕೈಯಲ್ಲೇ ಉತ್ತರ ಬರೆದು ಕಳಿಸಿದೆ. ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ, ಪೈಪ್ ಹೆಪ್ಪುಗಟ್ಟದಿರಲೆಂದು ಜನವರಿ ಪೂರ್ತಿ ರಾತ್ರಿಯಿಡೀ ನಲ್ಲಿ ಸಣ್ಣಗೆ ಬಿಟ್ಟೇ ಮಲಗುತ್ತಿದ್ದರು. ನನ್ನ ನಕ್ಷೆಯಲ್ಲಿ ಹೊಸ ಲೈನ್ ಆ ಗುಡ್ಡದ ಬುಡದಲ್ಲೇ ನಿಂತಿತ್ತು! ಪಿಂಚಣಿಯಲ್ಲೇ ಬದುಕುವವರಿಗೆ ಯೋಜನೆಯ ಒಟ್ಟು ಮೊತ್ತ ಬೇಕಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಬಿಲ್ ಎಷ್ಟು ಏರುತ್ತದೆ ಅನ್ನುವುದೊಂದೇ ಬೇಕಿತ್ತು. ನನ್ನ ಕರಪತ್ರದಲ್ಲಿ ಅದೊಂದೇ ಇರಲಿಲ್ಲ. ಲೈನನ್ನು ಗುಡ್ಡದ ಮೇಲಿನವರೆಗೆ ಎಳೆದೆ, ಬಿಲ್ ಎಷ್ಟು ಏರುತ್ತದೆ ಅನ್ನುವ ಲೆಕ್ಕ ಒಂದೇ ಹಾಳೆಯಲ್ಲಿ ಬರೆದೆ. ಎರಡನೇ ಸಲ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಈಗ ಇನ್ನೊಂದು ಊರಿನ ಕೆಲಸ ಕೈಯಲ್ಲಿದೆ. ಅಲ್ಲಿ ಮತದಾನದ ದಿನ ಇನ್ನೂ ನಿಗದಿಯಾಗಿಲ್ಲ. ಹಿಮ ಕರಗಿ ಮಣ್ಣಿನ ರಸ್ತೆಗಳೆಲ್ಲ ಕೆಸರು. ಗಾಡಿಯನ್ನು ಟಾರು ರಸ್ತೆಯಲ್ಲೇ ಬಿಟ್ಟು, ಬೂಟು ಹಾಕಿಕೊಂಡು ಮೇಲಿನ ಮನೆಗಳಿಗೆ ನಡೆದುಹೋಗುತ್ತಿದ್ದೇನೆ.