ಗಾಳಿ ಬಂದು ನೀರು ಹೊತ್ತುಕೊಂಡು ಹೋಯಿತು

ಫ್ಲೋರಿಡಾದ ಪಶ್ಚಿಮ ಕರಾವಳಿಯಲ್ಲಿ ಇಬ್ಬರು ಹಾಯಿದೋಣಿಯವರು ಎದುರಾದರೆ ಹೆಸರು, ಊರು ಎಲ್ಲ ಆಮೇಲೆ. ಮೊದಲ ಪ್ರಶ್ನೆ, "ನಿಮ್ಮದಕ್ಕೆ ಎಷ್ಟು ನೀರು ಬೇಕು?" ನಮ್ಮದಕ್ಕೆ 4.5 ಅಡಿ ಬೇಕು. ದೋಣಿಯ ಹೊಟ್ಟೆಯ ಕೆಳಗೆ ಕೀಲ್ ಅಂತ ಸೀಸದ ಭಾರೀ ರೆಕ್ಕೆ ಇರುತ್ತದೆ. ಗಾಳಿಗೆ ದೋಣಿ ಮಗುಚದ ಹಾಗೆ ಹಿಡಿದಿಡುವುದು ಅದೇ. ಅದು ನೀರಿನೊಳಗೆ ಅಷ್ಟು ಕೆಳಗೆ ಇಳಿದಿರುತ್ತದೆ. 6 ಅಡಿ ಬೇಕು ಅಂದವರನ್ನು ಇಲ್ಲಿಯವರು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾರೆ. ಮೆಕ್ಸಿಕೋ ಕೊಲ್ಲಿಯ ಈ ಬದಿಯಲ್ಲಿ ಆಳ ಅಷ್ಟು ಕಡಿಮೆ. ಕೆಲವು ಕಡೆ ದಡದಿಂದ 200 ಕಿಲೋಮೀಟರ್ ದಾಟಿದ ಮೇಲೇ ನಿಜವಾದ ಆಳ ಶುರುವಾಗುವುದು. ದಡದ ಹತ್ತಿರದ ಕೊಲ್ಲಿಗಳಲ್ಲಂತೂ ನೀರು ಎದೆಮಟ್ಟ, ಸೊಂಟಮಟ್ಟ.

ನಾನು ಹೊನ್ನಾವರದ ಕಡೆಯವಳು. ಶರಾವತಿ ಅಳಿವೆಯಲ್ಲಿ ಹೂಳು ತುಂಬಿ ಮೀನಿನ ಬೋಟು ಸಿಕ್ಕಿಕೊಂಡ ಸುದ್ದಿ ಕೇಳುತ್ತಲೇ ದೊಡ್ಡವಳಾದೆ. ನಮ್ಮವರು ಮಂಡ್ಯದವರು. ಸಮುದ್ರ ಅಂತ ಕಣ್ಣಾರೆ ನೋಡಿದ್ದೇ ಕಾಲೇಜು ಟ್ರಿಪ್ಪಿನಲ್ಲಿ. ಆದರೂ ದೋಣಿಯ ಹುಚ್ಚು ಹತ್ತಿದ್ದು ಅವರಿಗೆ, ವಾಂತಿ ಬರುವುದು ನನಗೆ. ಟ್ಯಾಂಪಾದಲ್ಲಿ ಕೆಲಸ ಬಿಟ್ಟ ಮೇಲೆ 34 ಅಡಿಯ ಹಳೆಯ ದೋಣಿ ಕೊಂಡರು. ಮಕ್ಕಳು ಅವರವರ ದಾರಿ ಹಿಡಿದಿದ್ದರು. ಚಳಿಗಾಲವಿಡೀ ಅದರಲ್ಲೇ ಇದ್ದು ಕರಾವಳಿ ಉದ್ದಕ್ಕೂ ತಿರುಗೋಣ ಅಂದರು. ಬೇಸಿಗೆಯಲ್ಲಿ ಆಗುವ ಮಾತಲ್ಲ. ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ, ಜೊತೆಗೆ ಸೆಕೆ, ಸಿಡಿಲು. ಸರಿ, ಚಳಿಗಾಲಕ್ಕೆ ಒಪ್ಪಿಕೊಂಡೆ.

ದೋಣಿಯ ಮೇಲಿನ ಬದುಕು ಅಂದರೆ ಜನ ಸೂರ್ಯಾಸ್ತದ ಫೋಟೋ ನೆನೆಸಿಕೊಳ್ಳುತ್ತಾರೆ. ಸೂರ್ಯಾಸ್ತ ದಿನಕ್ಕೆ ಹತ್ತು ನಿಮಿಷ. ಉಳಿದ ಹೊತ್ತು ಲೆಕ್ಕ ಹಾಕುವುದೇ ಕೆಲಸ. ಸಿಹಿನೀರಿನ ಟ್ಯಾಂಕು ಸುಮಾರು 225 ಲೀಟರ್. ಅದರಲ್ಲೇ ಅಡುಗೆ, ಕುಡಿಯುವುದು, ಮೈ ಒರೆಸಿಕೊಳ್ಳುವುದು. ಪಾತ್ರೆಗೆ ಮೊದಲು ಕಾಲಲ್ಲಿ ಒತ್ತುವ ಪಂಪಿನಿಂದ ಸಮುದ್ರದ ನೀರು, ಕೊನೆಗೊಂದು ಲೋಟ ಸಿಹಿನೀರು. ಅಕ್ಕಿ ತೊಳೆದ ನೀರು ಚೆಲ್ಲಿದರೆ ನಮ್ಮಿಬ್ಬರಿಗೂ ಹೊಟ್ಟೆ ಉರಿಯುತ್ತದೆ. ಕರೆಂಟು ಬರುವುದು ಹಿಂದೆ ಕಟ್ಟಿದ ಸೋಲಾರ್ ಪ್ಯಾನಲ್ಲಿನಿಂದ. ಮೋಡ ಕವಿದ ದಿನ ಫ್ರಿಜ್ಜಾ, ಮಿಕ್ಸಿಯಾ ಅಂತ ಒಂದನ್ನು ಆರಿಸಿಕೊಳ್ಳಬೇಕು. ದೋಸೆ ಹಿಟ್ಟಿಗೆ ಮಾತ್ರ ಒಳ್ಳೆಯ ವ್ಯವಸ್ಥೆ ಕಂಡುಕೊಂಡಿದ್ದೇನೆ. ಇಂಜಿನ್ ಆರಿಸಿದ ಮೇಲೆ ಅದರ ಗೂಡು ಐದಾರು ಗಂಟೆ ಬೆಚ್ಚಗಿರುತ್ತದೆ. ಹಿಟ್ಟಿನ ಡಬ್ಬಿ ಅಲ್ಲಿಟ್ಟರೆ ಬೆಳಿಗ್ಗೆಗೆ ಉಕ್ಕಿ ಬಂದಿರುತ್ತದೆ. ಡೀಸೆಲ್ ವಾಸನೆ ಬರುತ್ತೆ ಅಂತ ಮಗಳು ಹೇಳುತ್ತಾಳೆ. ಬರಲ್ಲ.

ಇನ್ನೊಂದು ಲೆಕ್ಕ ಶೌಚದ್ದು. ಕೈಯಲ್ಲಿ ಒತ್ತುವ ಪಂಪಿನ ಕಕ್ಕಸು, ಅದಕ್ಕೊಂದು ಟ್ಯಾಂಕು. ಮೆಕ್ಸಿಕೋ ಕೊಲ್ಲಿಯ ಕಡೆ ಫ್ಲೋರಿಡಾದ ನೀರಿನ ಗಡಿ 9 ನಾಟಿಕಲ್ ಮೈಲು. ಅದರೊಳಗೆ ಹಾಗೇ ಸಮುದ್ರಕ್ಕೆ ಬಿಡುವಂತಿಲ್ಲ. ಮರೀನಾ ಅಂತ ದೋಣಿ ಕಟ್ಟುವ ಕಟ್ಟೆ ಇರುತ್ತದೆ, ಅಲ್ಲಿಗೆ ಹೋಗಿ ಪೈಪು ಹಾಕಿ ಎಳೆಸಬೇಕು. ದೋಣಿಯವರು ಎಷ್ಟು ದಿನ ಒಂದೇ ಕಡೆ ಇರಬಹುದು ಅನ್ನುವುದನ್ನು ಊಟಕ್ಕಿಂತ ಜಾಸ್ತಿ ಈ ಟ್ಯಾಂಕು ತೀರ್ಮಾನಿಸುತ್ತದೆ.

ನಾನು ಹೇಳಹೊರಟಿದ್ದು ಜನವರಿಯಲ್ಲಿ ಪೆಲಿಕನ್ ಬೇ ಅನ್ನುವ ಸಣ್ಣ ಕೊಲ್ಲಿಯಲ್ಲಿ ನಡೆದ ಸಂಗತಿ. ಟ್ಯಾಂಪಾ ಬೇಯಿಂದ ದಕ್ಷಿಣಕ್ಕೆ ಹೊರಟು ವೆನಿಸ್ ದಾಟಿ, ಬೋಕಾ ಗ್ರಾಂಡೆ ಹತ್ತಿರ ಒಳಗೆ ಬಂದರೆ ಕಾಯೊ ಕೋಸ್ತಾ ದ್ವೀಪ ಸಿಗುತ್ತದೆ. ಸೇತುವೆ ಇಲ್ಲ, ರಸ್ತೆ ಇಲ್ಲ, ದೋಣಿಯಲ್ಲೇ ಹೋಗಬೇಕು. ದ್ವೀಪದ ಹೆಚ್ಚಿನ ಭಾಗ ಸ್ಟೇಟ್ ಪಾರ್ಕು. ಅದರ ಒಳಮಗ್ಗುಲಲ್ಲಿ ಪೆಲಿಕನ್ ಬೇ. ಸುತ್ತ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಎಲ್ಲ ಕಡೆ ಗಾಳಿಗೆ ಮರೆ. ಒಳಗೆ ಹೋದಮೇಲೆ ಲಂಗರಿಗೆ ಸಾಕಷ್ಟು ನೀರಿದೆ. ಬೇಯ ಬಾಯಲ್ಲಿ ಮಾತ್ರ ಮರಳಿನ ದಿಬ್ಬ. ನಕ್ಷೆ ನೋಡಿದರೆ ನಡುವೆ ಹೋಗೋಣ ಅನಿಸುತ್ತದೆ. ಆದರೆ ನೀರಿರುವುದು ದಡದ ಪಕ್ಕದಲ್ಲಿ. ಮರಳಿನ ಮೇಲೆ ಕುಳಿತವರ ಮುಖ ಕಾಣುವಷ್ಟು ಹತ್ತಿರ ಹೋಗಬೇಕು. ನಮ್ಮ ಕಡೆ ಅಳಿವೆ ದಾಟುವಾಗ ಬೋಟಿನವರು ಮಾತು ನಿಲ್ಲಿಸುತ್ತಿದ್ದರು. ನಾವೂ ಹಾಗೇ ಬಾಯಿ ಮುಚ್ಚಿಕೊಂಡು ಆಳದ ಮೀಟರ್ ನೋಡುತ್ತಾ ಒಳಗೆ ಬಂದೆವು. 6.1, 5.8, 5.4, ಮತ್ತೆ 7.

ಅಲ್ಲಿಗೆ ಹೋದದ್ದೇ ಮರೆ ಹುಡುಕಿಕೊಂಡು. ಚಳಿಗಾಲದಲ್ಲಿ ಉತ್ತರದಿಂದ ಆಗಾಗ ತಣ್ಣನೆಯ ಗಾಳಿಯ ಅಲೆ ಇಳಿದು ಬರುತ್ತದೆ. ಅದರ ನಡವಳಿಕೆ ಇಲ್ಲಿಯವರಿಗೆಲ್ಲ ಬಾಯಿಪಾಠ. ಮೊದಲು ದಕ್ಷಿಣದ ಗಾಳಿ, ಬೆಚ್ಚಗೆ, ಅಂಟಂಟು. ಆಮೇಲೆ ಅದು ನೈಋತ್ಯಕ್ಕೆ, ಪಶ್ಚಿಮಕ್ಕೆ ತಿರುಗುತ್ತದೆ. ವಾಯವ್ಯದಲ್ಲಿ ಕಪ್ಪು ಮೋಡದ ಸಾಲು ಕಂಡಿತೋ, ಇನ್ನು ಅರ್ಧ ಗಂಟೆ. ಆಮೇಲೆ ಉತ್ತರ, ಕೊನೆಗೆ ಈಶಾನ್ಯ. ಹವಾಮಾನದ ರೇಡಿಯೋದಲ್ಲಿ ಕಂಪ್ಯೂಟರಿನ ದನಿ ಒಂದೇ ರಾಗದಲ್ಲಿ ಅದನ್ನೇ ಹೇಳುತ್ತಿತ್ತು. ನಾವು ಆಳದ ಏಳರಷ್ಟು ಸರಪಳಿ, ಹಗ್ಗ ಬಿಟ್ಟು ಲಂಗರು ಹಾಕಿದೆವು. ಮಧ್ಯಾಹ್ನದ ಮೇಲೆ ಒಂದೊಂದೇ ದೋಣಿ ಒಳಗೆ ಬಂದು ನೆರೆಹೊರೆ ಆಯಿತು.

ಸಂಜೆ ಆರರ ಹೊತ್ತಿಗೆ ಬಂತು. ಗಾಳಿ ಒಂದು ಕ್ಷಣ ಪೂರ್ತಿ ನಿಂತು, ಆಮೇಲೆ ಯಾರೋ ಬಾಗಿಲು ಒದ್ದ ಹಾಗೆ ವಾಯವ್ಯದಿಂದ ಬಡಿಯಿತು. ದೋಣಿ ಲಂಗರಿನ ಸುತ್ತ ತಿರುಗಿ ಸರಪಳಿ ಬಿಗಿದು ನಿಂತಿತು. ಅಡ್ಡಮಳೆ. ಪಕ್ಕದ ಯಾವುದೋ ದೋಣಿಯ ಲಂಗರು ಕಿತ್ತು, ಅವರು ಮಳೆಯಲ್ಲೇ ಟಾರ್ಚು ಹಿಡಿದು ಮತ್ತೆ ಹಾಕುತ್ತಿದ್ದರು. ನಮ್ಮದು ಹಿಡಿದಿತ್ತು. ರಾತ್ರಿಯಿಡೀ ಹಾಯಿಕಂಬದ ತಂತಿಗಳು ಕೂಗಿದವು. ಇದೆಲ್ಲ ನಿರೀಕ್ಷೆ ಇದ್ದದ್ದೇ. ಬೆಳಿಗ್ಗೆ ಆಗಸ ತೊಳೆದಿಟ್ಟಂತೆ ನೀಲಿ. ಉಷ್ಣಾಂಶ 24 ಡಿಗ್ರಿಯಿಂದ 10ಕ್ಕೆ ಇಳಿದಿತ್ತು. ಶಾಲು ಹೊದ್ದು ಕಾಫಿ ಕುಡಿಯುತ್ತಿದ್ದೆ. ಲೋಟದಲ್ಲಿ ಕಾಫಿ ಓರೆ ಕಾಣಿಸಿತು.

"ರೀ, ದೋಣಿ ವಾಲಿದೆ ಅಲ್ವಾ?"

ಇವರು ಮೀಟರ್ ನೋಡಿದರು. 4.4. ಸ್ವಲ್ಪ ಹೊತ್ತಿಗೆ 4.2.

ಉಬ್ಬರ-ಇಳಿತದ ಪಟ್ಟಿಯ ಪ್ರಕಾರ ಆ ದಿನದ ಇಳಿತ ಅಷ್ಟೇನೂ ದೊಡ್ಡದಲ್ಲ. ನಮ್ಮ ಹೊನ್ನಾವರದಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಐದಾರು ಅಡಿ ಏರಿಳಿತ ಇರುತ್ತದೆ. ಇಲ್ಲಿ ಇಡೀ ದಿನದ ಏರಿಳಿತ ಒಂದರಿಂದ ಮೂರು ಅಡಿ. ಚಂದ್ರನ ಕೈ ಇಲ್ಲಿ ಅಷ್ಟು ಗಟ್ಟಿಯಲ್ಲ. ಆ ಜಾಗದಲ್ಲಿ ಕಾರುಬಾರು ಮಾಡುವುದು ಗಾಳಿ. ಬಸಿಯಲ್ಲಿ ಸುರಿದ ಟೀಗೆ ಒಂದು ಕಡೆಯಿಂದ ಊದಿದರೆ ಆಚೆ ಅಂಚಿಗೆ ಸರಿಯುತ್ತದೆ ನೋಡಿ, ಅದೇ ಲೆಕ್ಕ. ಆಳ ಇಲ್ಲದ ಬೇಯ ಮೇಲೆ ಉತ್ತರ, ಈಶಾನ್ಯದ ಗಾಳಿ ಗಂಟೆಗಟ್ಟಲೆ ಬೀಸಿದರೆ ನೀರು ಹೊರಗಿನ ಸಮುದ್ರಕ್ಕೆ ಹೋಗಿಬಿಡುತ್ತದೆ. ಮೊದಲೇ ಚಳಿಗಾಲದಲ್ಲಿ ಕೊಲ್ಲಿಯ ಮಟ್ಟ ತಗ್ಗಿರುತ್ತದೆ. ಅದರ ಮೇಲೆ ಇದು.

ಇದರ ದೊಡ್ಡ ರೂಪವನ್ನು ಟ್ಯಾಂಪಾದವರು 2022ರ ಸೆಪ್ಟೆಂಬರ್ 28ರಂದು ನೋಡಿದ್ದಾರೆ. ಇಯಾನ್ ಚಂಡಮಾರುತ ಆ ದಿನ ಬಂದು ಹೊಡೆದದ್ದು ಇದೇ ಕಾಯೊ ಕೋಸ್ತಾಕ್ಕೆ. 2004ರಲ್ಲಿ ಚಾರ್ಲಿಯೂ ಇಲ್ಲೇ ನೆಲ ಮುಟ್ಟಿತ್ತು. ಎರಡೂ 4ನೇ ದರ್ಜೆಯವು, ಗಂಟೆಗೆ 240 ಕಿಲೋಮೀಟರ್ ಗಾಳಿ. ಚಂಡಮಾರುತದ ಸುಳಿ ಇಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದಲ್ಲ, ಹಾಗಾಗಿ ಅದರ ನಡುವಿನ ಕಣ್ಣಿನ ಉತ್ತರಕ್ಕಿದ್ದ ಟ್ಯಾಂಪಾ ಬೇಯಲ್ಲಿ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸಿ ನೀರು ಖಾಲಿ ಮಾಡಿತು. ತಳದ ಕೆಸರು ಕಾಣಿಸಿತು, ಜನ ಇಳಿದು ಓಡಾಡಿದರು. ಅದೇ ಹೊತ್ತಿಗೆ ದಕ್ಷಿಣದ ಫೋರ್ಟ್ ಮಯರ್ಸ್ ಬೀಚಿನಲ್ಲಿ ಸಮುದ್ರ 10 ಅಡಿಗಿಂತ ಜಾಸ್ತಿ ಏರಿ ಮನೆಗಳನ್ನು ಎಳೆದುಕೊಂಡು ಹೋಯಿತು. ಒಂದೇ ಗಾಳಿ, ಒಬ್ಬರ ಕೊಲ್ಲಿ ಬತ್ತಿಸಿತು, ಇನ್ನೊಬ್ಬರ ಮನೆ ಮುಳುಗಿಸಿತು. ಅವತ್ತು ನಾವು ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿದ್ದೆವು. ಪೆಲಿಕನ್ ಬೇ ಸುತ್ತಲ ಕಾಂಡ್ಲಾದಲ್ಲಿ ಅಲ್ಲಲ್ಲಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಮರಗಳು ಈಗಲೂ ನಿಂತಿವೆ.

ಹತ್ತು ಗಂಟೆಗೆ ದೋಣಿ ಚೆನ್ನಾಗಿಯೇ ಎಡಕ್ಕೆ ಮಲಗಿತು. ಅಪಾಯವೇನೂ ಇಲ್ಲ. ಕೆಳಗೆ ಮೆತ್ತನೆಯ ಮರಳು, ಕೆಸರು, ಅಲೆಯ ಹೊಡೆತವೂ ಇಲ್ಲ. ಆದರೆ ಮನೆಯೇ ವಾಲಿದಾಗ ಏನೇನಾಗುತ್ತದೆ ಗೊತ್ತಾ? ಬಲಗಡೆಯ ಕಪಾಟು ತೆಗೆದರೆ ಬೇಳೆ ಡಬ್ಬಿಗಳೆಲ್ಲ ಎದೆಗೆ ಬಂದು ಬೀಳುತ್ತವೆ. ತೆಗೆದ ಆ ಬಾಗಿಲು ಆಮೇಲೆ ಮುಚ್ಚಿ ನಿಲ್ಲುವುದೇ ಇಲ್ಲ. ಸಿಂಕಿನ ನೀರು ತೂತಿನ ಕಡೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತದೆ. ಕಕ್ಕಸಿನ ವಿಷಯ ಬೇಡ. ನಡೆಯುವಾಗ ಒಂದು ಕಾಲು ನೆಲದ ಮೇಲೆ, ಇನ್ನೊಂದು ಕುರ್ಚಿಯ ಬದಿಯ ಮೇಲೆ.

ನೆಟ್ಟಗಿದ್ದದ್ದು ಒಲೆ ಒಂದೇ. ಹಾಯಿದೋಣಿಯ ಒಲೆಯನ್ನು ಎರಡು ಬದಿಯ ಗೂಟಕ್ಕೆ ಸಿಕ್ಕಿಸಿ ತೂಗುವ ಹಾಗೆ ಇಟ್ಟಿರುತ್ತಾರೆ. ದೋಣಿ ಎಡಕ್ಕೆ ವಾಲಲಿ, ಬಲಕ್ಕೆ ವಾಲಲಿ, ಅದು ಮಟ್ಟವಾಗಿ ನಿಲ್ಲುತ್ತದೆ. ಚಳಿಗೆ ಹಿಟ್ಟು ಅಷ್ಟಾಗಿ ಹುದುಗಿರಲಿಲ್ಲ, ಆದರೂ ಕಾವಲಿ ಇಟ್ಟೆ. ಸೊಂಟವನ್ನು ಅಡುಗೆಕಟ್ಟೆಯ ಪಟ್ಟಿಗೆ ಸಿಕ್ಕಿಸಿಕೊಂಡು, ನಾನು ಓರೆಯಾಗಿ ನಿಂತು ಹಿಟ್ಟು ಸುರಿದರೆ ದೋಸೆ ಗುಂಡಗೆ ಹರಡಿತು. ಬಗ್ಗಿ ನೋಡಿದರೆ ಕಾವಲಿಯೇ ಸರಿಯಾಗಿದೆ, ಗೋಡೆ, ಕಿಟಕಿ, ನಾನು ಎಲ್ಲ ಸೊಟ್ಟ. ತಟ್ಟೆಗೆ ಹಾಕಿದ ತಕ್ಷಣ ಚಟ್ನಿ ಎಡಕ್ಕೆ ಓಡಿತು. ಚಟ್ನಿಪುಡಿಯೇ ವಾಸಿ ಅಂತ ಅದನ್ನೇ ತೆಗೆದೆ.

ಹೊರಗೆ ನೋಡಿದರೆ ಬೇಯ ನಡುವೆ ಒಬ್ಬರು ನಡೆದುಕೊಂಡು ಬರುತ್ತಿದ್ದಾರೆ. ಪಕ್ಕದ ದೋಣಿಯ ಅಜ್ಜ. ರಬ್ಬರ್ ದೋಣಿಯ ಮೋಟಾರು ತಳಕ್ಕೆ ತಾಗಿದ್ದರಿಂದ ಅದನ್ನು ಎತ್ತಿ, ಇಳಿದು, ಹಗ್ಗ ಹಿಡಿದು ಎಳೆದುಕೊಂಡು ಬರುತ್ತಿದ್ದರು. ನೀರು ಮೊಣಕಾಲಿನವರೆಗೆ. ಕಾಲು ಎತ್ತಿ ಇಡುತ್ತಿರಲಿಲ್ಲ, ಮರಳಲ್ಲಿ ಉಜ್ಜುತ್ತಾ ಉಜ್ಜುತ್ತಾ ಬಂದರು. ತೊರಕೆ ಮೀನು ಮರಳಿನಲ್ಲಿ ಹುದುಗಿರುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ, ಉಜ್ಜಿಕೊಂಡು ಹೋದರೆ ಅದೇ ಸರಿದು ಹೋಗುತ್ತದೆ. ಚಳಿಗೆ ತೊರಕೆ ಕಡಿಮೆಯಂತೆ, ಆದರೂ ಅವರಿಗೆ ಅದೇ ನಡಿಗೆ ಆಗಿಹೋಗಿದೆ.

"ಎಲ್ಲ ಕ್ಷೇಮವಾ ಕ್ಯಾಪ್ಟನ್?" ಅಂದರು.

ಇವರು ಸಿಕ್ಕಿಕೊಂಡ ದೋಣಿ ಎಳೆಯುವ ಟೋ ಬೋಟಿನವರಿಗೆ ಫೋನ್ ಮಾಡುವ ಯೋಚನೆಯಲ್ಲಿದ್ದರು. ಅಜ್ಜ ನಕ್ಕುಬಿಟ್ಟರು. "ಅವರ ಬೋಟೂ ನೀರಿನ ಮೇಲೇ ಅಲ್ಲವಾ ಬರಬೇಕು? ಬಾಯಲ್ಲಿ ಮೂರಡಿಯೂ ಇಲ್ಲ ಈಗ. ಸುಮ್ಮನೆ ಕೂತಿರಿ. ನಾಳೆ ಗಾಳಿ ಪೂರ್ವಕ್ಕೆ ತಿರುಗಿ ಸಡಿಲಾಗುತ್ತದೆ, ಹೋದ ನೀರು ತಾನೇ ಬರುತ್ತದೆ." ಮತ್ತೆ ಒಂದು ಕೆಲಸದ ಮಾತು ಹೇಳಿದರು. ನೀರು ಬರುವಾಗ ಇಂಜಿನ್ ಹಾಕಿ ಒದ್ದಾಡಬೇಡಿ, ಕೆಸರು ಎಳೆದುಕೊಂಡು ತಂಪು ಮಾಡುವ ಪೈಪು ಕಟ್ಟಿಕೊಳ್ಳುತ್ತದೆ.

ದೋಸೆ ಕೊಟ್ಟೆ. ವಾಲಿದ ಡೆಕ್ಕಿನ ತಗ್ಗಿನ ಬದಿಗೆ ಕುಳಿತು, ಎರಡು ಕಾಲನ್ನೂ ಅಂಚಿಗೆ ಒತ್ತಿಕೊಂಡು, ಮೂರು ತಿಂದರು. ಚಟ್ನಿಪುಡಿ ಬೆರಳಲ್ಲಿ ತೆಗೆದು ನೆಕ್ಕಿ, ಇದನ್ನು ಮೀನಿಗೆ ಹಚ್ಚಿ ಹುರಿದರೆ ಹೇಗೆ ಅಂತ ಕೇಳಿದರು. ಮಂಡ್ಯದವರಿಗೆ ಅದು ಹಿಡಿಸಿದಂತೆ ಕಾಣಲಿಲ್ಲ. ನನಗೇನೋ ಹೊಳೆಯಿತು, ಒಂದು ಸಣ್ಣ ಡಬ್ಬಿ ತುಂಬಿಸಿ ಕೊಟ್ಟೆ.

ಮಧ್ಯಾಹ್ನ ದಿಬ್ಬಗಳೆಲ್ಲ ಬಯಲಾದವು. ನಾವು ಮೇಲೆ ತೇಲಿ ಬಂದಿದ್ದ ಜಾಗದಲ್ಲಿ ಬೆಳ್ಳಕ್ಕಿಗಳು ಓಡಾಡುತ್ತಿದ್ದವು. ಚಮಚದ ಕೊಕ್ಕಿನ ಗುಲಾಬಿ ಹಕ್ಕಿಗಳು ಒಂದಷ್ಟು ಬಂದು ಕೆಸರು ಜಾಲಿಸಿದವು. ಅವುಗಳಿಗೆ ಅದು ಹಬ್ಬದ ಊಟ. ಇವರು ಬೂಟು ಹಾಕಿ ಇಳಿದು ನಮ್ಮದೇ ಲಂಗರು ಹುಡುಕಿಕೊಂಡು ಹೋದರು. ಅದು ಎಷ್ಟು ಆಳಕ್ಕೆ ಹೂತಿದೆ ಅಂತ ಕಣ್ಣಾರೆ ನೋಡುವ ಭಾಗ್ಯ ಯಾವ ನಾವಿಕನಿಗೆ ಸಿಗುತ್ತೆ ಅಂತ ವಾದ. ಹಿಡಿಯವರೆಗೂ ಹೂತಿತ್ತಂತೆ. ಆ ಸಂತೋಷದಲ್ಲಿ ದೋಣಿ ವಾಲಿದ್ದೇ ಮರೆತರು.

ರಾತ್ರಿ ಇಬ್ಬರೂ ಎಡಗಡೆಯ ಮಂಚಕ್ಕೆ ಉರುಳಿ, ಗೋಡೆಗೂ ಹಾಸಿಗೆಗೂ ಮಧ್ಯದ ಸಂದಿಯಲ್ಲಿ ಮಲಗಿದೆವು. ಬೆಳಗಿನ ಜಾವ ಗಾಳಿಯ ಸದ್ದು ಇಳಿಯಿತು. ತಳದಲ್ಲಿ ಧಡ್, ಧಡ್ ಅಂತ ಕುಟ್ಟಿದ ಸದ್ದು. ಕೀಲ್ ಮರಳಿನಿಂದ ಏಳುತ್ತಾ, ಕೂರುತ್ತಾ ಇತ್ತು. ಆಮೇಲೆ ಅದೂ ನಿಂತಿತು. ಕಪಾಟಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಆದರೆ ಹೊರಡುವ ಹಾಗಿರಲಿಲ್ಲ. ಒಳಗೆ ತೇಲಿದರೇನಂತೆ, ಬಾಯಲ್ಲಿ ನೀರು ಬೇಕಲ್ಲ. ಮತ್ತೂ ಒಂದು ದಿನ ಕಾದು, ಉಬ್ಬರದ ಹೊತ್ತು ನೋಡಿ ಲಂಗರು ಎತ್ತಿದೆವು. ಅಜ್ಜನ ದೋಣಿಗೆ ಬರೀ 3 ಅಡಿ ಸಾಕು, ಅವರು ಮುಂದೆ ಹೋದರು. ಅವರು ಹೋದ ದಾರಿಯಲ್ಲೇ, ದಡಕ್ಕೆ ಅಂಟಿಕೊಂಡು ನಾವು. ರೇಡಿಯೋದಲ್ಲಿ ತಮ್ಮ ಮೀಟರ್ ಓದಿ ಹೇಳುತ್ತಿದ್ದರು. ನಮ್ಮದು 4.9 ತೋರಿಸಿದಾಗ ಇವರ ಕೈ ಚುಕ್ಕಾಣಿಯ ಮೇಲೆ ಬಿಳಿಚಿಕೊಂಡಿತ್ತು. ಆಮೇಲೆ 5.5, 8, 11.

ಸೀದಾ ಮರೀನಾಕ್ಕೆ ಹೋದೆವು. ಮೊದಲು ಆ ಟ್ಯಾಂಕು, ಆಮೇಲೆ ಸಿಹಿನೀರು, ಕೊನೆಗೆ ಬಿಸಿನೀರಿನ ಸ್ನಾನ. ಇಷ್ಟಕ್ಕೆ ಕೊಟ್ಟ ದುಡ್ಡು ಹೇಳಿದರೆ ಅಮ್ಮ ಬೈಯುತ್ತಾಳೆ. ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಇವರು ರೇಡಿಯೋಗೆ ಕಿವಿ ಕೊಟ್ಟು ಕುಳಿತಿದ್ದರು. ಗುರುವಾರಕ್ಕೆ ಇನ್ನೊಂದು ತಣ್ಣನೆಯ ಗಾಳಿಯಂತೆ. ಪೆಲಿಕನ್ ಬೇಗೇ ವಾಪಸು ಹೋಗೋಣವಾ, ಲಂಗರಿಗೆ ಅಷ್ಟು ಒಳ್ಳೆಯ ನೆಲ ಬೇರೆಲ್ಲೂ ಇಲ್ಲ ಅಂದರು.

"ಹೋಗೋಣ, ಆದರೆ ಬೇಯ ಆಳದ ಕಡೆಗೆ ಲಂಗರು ಹಾಕಿ," ಅಂದೆ. "ಅಕ್ಕಿ ಈಗಲೇ ನೆನೆಸುತ್ತೇನೆ. ಬುಧವಾರ ಸಂಜೆ ಇಂಜಿನ್ ಎರಡು ಗಂಟೆ ಜಾಸ್ತಿ ಓಡಿಸಿ."