ಹಳೇ ಸ್ಪಂಜಿನ ಹೆಪ್ಪು

ಎರಡು ಅಡಿ ಟ್ಯಾಂಕಿನಲ್ಲಿದ್ದ ನಮ್ಮ ಮೀನುಗಳು ಕಳೆದ ತಿಂಗಳು ಮೂರು ಅಡಿ ಟ್ಯಾಂಕಿಗೆ ಹೋದವು. ಒಂದೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಎರಡು ವರ್ಷದ ಹಿಂದೆ ಒಂದೇ ವಾರದಲ್ಲಿ ಐದು ಮೋಲಿಗಳನ್ನು ಸಾಯಿಸಿದವಳು ನಾನು.

ಸಾಯಿಸಿದ್ದು ಕ್ಲೀನ್ ಮಾಡಿ ಮಾಡಿ. ಒಂದು ಭಾನುವಾರ ಕೂತು ಟ್ಯಾಂಕು ಪೂರ್ತಿ ಖಾಲಿ ಮಾಡಿದೆ. ಗಾಜು ಉಜ್ಜಿದೆ, ಕಲ್ಲು ತೊಳೆದೆ. ಫಿಲ್ಟರಿನ ಸ್ಪಂಜು ಕಂದು ಲೋಳೆಯಾಗಿತ್ತು. ನಲ್ಲಿ ಕೆಳಗೆ ಹಿಡಿದು ಹಿಂಡಿ ಹಿಂಡಿ ಹೊಸದರ ಹಾಗೆ ಮಾಡಿದೆ. ನಮ್ಮನೆ ಸಿಂಕ್ ಕೂಡ ಯಾವತ್ತೂ ಅಷ್ಟು ಹೊಳೆದಿಲ್ಲ. ಮೂರನೇ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು. ಮೋಲಿಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಆಮೇಲೆ ದಿನಕ್ಕೊಂದು.

ಆ ಲೋಳೆಯಲ್ಲೇ ಎಲ್ಲಾ ಇತ್ತು ಅಂತ ಆಮೇಲೆ ಗೊತ್ತಾಯಿತು. ಮೀನು ಬಿಡುವ ಗಲೀಜು, ಉಳಿದ ಫುಡ್ಡು, ಇದರಿಂದೆಲ್ಲ ನೀರಲ್ಲಿ ಅಮೋನಿಯಾ ಸೇರುತ್ತದೆ. ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ಮೀನಿಗೆ ವಿಷ. ಮೂರನೆಯದನ್ನು ಸ್ವಲ್ಪ ತಡೆದುಕೊಳ್ಳುತ್ತವೆ, ಆಗಾಗ ಒಂದಿಷ್ಟು ನೀರು ಬದಲಾಯಿಸಿದರೆ ಆಯಿತು. ನಾನು ಕ್ಲೋರಿನ್ ಇರುವ ಕಾವೇರಿ ನೀರಲ್ಲಿ ಆ ಬ್ಯಾಕ್ಟೀರಿಯಾಗಳನ್ನೇ ತೊಳೆದು ಚರಂಡಿಗೆ ಕಳಿಸಿದ್ದೆ.

ಆಮೇಲೆ ತಂದದ್ದು ನಾಲ್ಕು ಮಿಸ್ ಕೇರಳ, ಒಂದು ಸಕ್ಕರ್, ಅಂದ್ರೆ ಬಾಯಿಂದ ಗಾಜಿಗೆ ಅಂಟಿಕೊಳ್ಳುವ ಮೀನು. ಮಿಸ್ ಕೇರಳ ಅಂದ್ರೆ ಡೆನಿಸನ್ ಬಾರ್ಬ್. ಬೆಳ್ಳಿ ಮೈ, ಮೂತಿಯಿಂದ ಹೊರಟ ಒಂದು ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ. 1865ರಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಇದಕ್ಕೆ ಆಗಿನ ಮದ್ರಾಸ್ ಗವರ್ನರ್ ಡೆನಿಸನ್ ಹೆಸರಿಟ್ಟರು. ಈಗ ಇದರ ಕುಲದ ಹೆಸರು ಸಹ್ಯಾದ್ರಿಯಾ. ಹೆಸರು ಮಾತ್ರ ಕೇರಳದ್ದು, ಮೀನು ನಮ್ಮ ಕಡೆಯ ಘಟ್ಟದ ಹೊಳೆಗಳಲ್ಲೂ ಇದೆ. ಅಳಿವಿನ ಅಂಚಿನ ಪಟ್ಟಿಯಲ್ಲೂ ಇದೆ. ಹೊಳೆಯಲ್ಲಿ ಹಿಡಿದು ಮಾರುತ್ತಾರೆ ಅಂತ ಗೊತ್ತಿದ್ದರೆ ನಾನು ತರುತ್ತಿರಲಿಲ್ಲ. ತಂದಾಯಿತು, ಇನ್ನು ಚೆನ್ನಾಗಿ ನೋಡಿಕೊಳ್ಳಬೇಕು ಅಷ್ಟೇ. ಅಂಗಡಿಯಲ್ಲಿ ಎರಡಿಂಚು ಇದ್ದವು ಈಗ ನಾಲ್ಕಿಂಚು. ಹರಿಯುವ ನೀರಿನ ಮೀನು, ಈ ತುದಿಯಿಂದ ಆ ತುದಿಗೆ ಬಾಣದ ಹಾಗೆ ಹೋಗುತ್ತವೆ. ಎರಡು ಅಡಿಯಲ್ಲಿ ಬಾಣ ಬಿಡೋಕೆ ಜಾಗ ಎಲ್ಲಿ?

36 ಇಂಚು ಉದ್ದ, 15 ಅಗಲ, 18 ಎತ್ತರದ ಟ್ಯಾಂಕು ತಂದೆವು. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿದರೆ ಸುಮಾರು 140 ಲೀಟರ್ ನೀರು. ಗಾಜು, ಕಲ್ಲು, ಸ್ಟ್ಯಾಂಡು ಸೇರಿದರೆ 200 ಕೆಜಿ ಆಗೇ ಆಗುತ್ತದೆ. ನಾವಿರೋದು ವಿಜಯನಗರದಲ್ಲಿ, ಮೊದಲನೇ ಮಹಡಿ, ಬಾಡಿಗೆ ಮನೆ. ಓನರ್ ಅಂಕಲ್ ಬಂದು ನೋಡಿ, ಕೆಳಗೆ ತೊಲೆ ಇರುವ ಗೋಡೆ ತೋರಿಸಿ, ಇಲ್ಲೇ ಇಡಿ ಅಂದರು. ಎರಡು ದಿನ ತಾರಸಿ ಮೇಲೆ ನೀರು ತುಂಬಿಸಿಟ್ಟು ಸೋರುತ್ತಾ ನೋಡಿದೆವು. ಸೋರಲಿಲ್ಲ. ಸ್ಟ್ಯಾಂಡಿನ ಮೇಲೆ ಥರ್ಮಾಕೋಲ್ ಹಾಸಿ ಟ್ಯಾಂಕು ಕೂರಿಸಿದೆವು. ಹಿಂದಿನ ದಿನವೇ ಹೊಸ ನೀರು ತುಂಬಿಸಿ, ಕ್ಲೋರಿನ್ ಹೋಗಲಿ ಅಂತ ಹೈಪೋ ಹಾಕಿ, ಏರ್ ಪಂಪು ಓಡಿಸಿಟ್ಟೆ.

ಸಾಗಿಸುವ ದಿನ ಕಷ್ಟ ಕೊಟ್ಟದ್ದು ಹಿಡಿಯೋದು. ಒಂದು ಬಲೆ ಹಿಡಿದು ಅರ್ಧ ಗಂಟೆ ಅಟ್ಟಾಡಿಸಿದೆ. ಒಂದೂ ಸಿಗಲಿಲ್ಲ, ನನ್ನ ಸೊಂಟ ಹಿಡಿದುಕೊಂಡಿತು. ಕೊನೆಗೆ ನಮ್ಮನೆಯವರು ಪೈಪ್ ಹಾಕಿ ಹಳೇ ನೀರನ್ನು ಎರಡು ಬಕೆಟ್ಟಿಗೆ ಇಳಿಸಿದರು. ನಾಲ್ಕು ಬೆರಳು ನೀರು ಉಳಿದಾಗ ಮೂರು ಸಿಕ್ಕವು. ನಾಲ್ಕನೆಯದು ಬಲೆಯಿಂದ ಚಿಮ್ಮಿ ನೆಲಕ್ಕೆ ಬಿದ್ದು ಸೋಫಾ ಕೆಳಗೆ ಸೇರಿತು. ನಾನು ಟಾರ್ಚ್ ಎಲ್ಲಿ ಅಂತ ಕಿರುಚುತ್ತಿದ್ದೆ. ಅತ್ತೆ ಕೈ ಒದ್ದೆ ಮಾಡಿಕೊಂಡು ಬಗ್ಗಿ, ಸುಮ್ನೆ ಎತ್ತಿ ಬಕೆಟ್ಟಿಗೆ ಹಾಕಿದರು. ಎಪ್ಪತ್ತೆರಡು ವರ್ಷ ಅವರಿಗೆ.

ಸಕ್ಕರ್ ಇನ್ನೂ ಒಂದು ಕೈ ಮೇಲು. ಅದರ ರೆಕ್ಕೆಯ ಮುಂದೆ ಗಟ್ಟಿ ಮುಳ್ಳು ಇರುತ್ತದೆ. ಅದು ಬಲೆಯ ಕಣ್ಣಿಗೆ ಸಿಕ್ಕಿಕೊಂಡಿತು. ಎಳೆದರೆ ರೆಕ್ಕೆ ಹರಿಯುತ್ತದೆ. ಬಲೆಯನ್ನು ಮೀನಿನ ಸಮೇತ ನೀರಲ್ಲೇ ಹಿಡಿದು, ಉಗುರು ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಒಂದೊಂದೇ ದಾರ ಕತ್ತರಿಸಿದೆ. ಏಳು ದಾರ. ಆರನೆಯದು ಬಿಟ್ಟಾಗ ಅದು ಬಾಲ ಒಮ್ಮೆ ಅಲ್ಲಾಡಿಸಿತು, ಏಳನೆಯದಕ್ಕೆ ಜಾರಿ ಬಕೆಟ್ಟಿನ ತಳಕ್ಕೆ ಅಂಟಿಕೊಂಡಿತು. ಸಕ್ಕರ್ ಹಿಡಿಯೋಕೆ ಬಲೆ ಬೇಡ, ಪ್ಲಾಸ್ಟಿಕ್ ಡಬ್ಬ ತಗೊಳ್ಳಿ.

ಬಕೆಟ್ಟಿಗೆ ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು, ಮೇಲೆ ತಟ್ಟೆ ಮುಚ್ಚಿ, ಐದು ನಿಮಿಷಕ್ಕೊಂದು ಲೋಟ ಹೊಸ ಟ್ಯಾಂಕಿನ ನೀರು ಹಾಕುತ್ತಾ ಒಂದು ಗಂಟೆ ಕೂತೆ. ಹಳೇ ನೀರಿಗೆ ಒಗ್ಗಿದ ಮೀನನ್ನು ದಿಢೀರ್ ಅಂತ ಬೇರೆ ನೀರಿಗೆ ಎಸೆಯಬಾರದು.

ಆ ಹೊತ್ತಲ್ಲೇ ಅತ್ತೆ ಹಳೇ ಫಿಲ್ಟರ್ ನೋಡಿದ್ದು. "ಹೊಸ ಟ್ಯಾಂಕಿಗೆ ಈ ಗಬ್ಬು ನಾರೋ ಸ್ಪಂಜು ಯಾಕೆ ಹಾಕ್ತೀಯೆ? ಎಸಿ ಆಚೆ."

"ಅದರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಇದೆ ಅತ್ತೆ. ಹೊಸ ಫಿಲ್ಟರಲ್ಲಿ ಇದನ್ನೂ ತುರುಕಿದರೆ ಇದರಿಂದ ಹೊಸದಕ್ಕೆ ಹಬ್ಬುತ್ತೆ."

ಅವರು ಒಂದು ಗಳಿಗೆ ಯೋಚನೆ ಮಾಡಿದರು. "ಹೆಪ್ಪು ಹಾಕ್ದಂಗೆ ಅನ್ನು. ಅಷ್ಟು ಹೇಳೋಕೆ ಬ್ಯಾಕ್ಟೀರಿಯಾ ಯಾಕೆ ಬೇಕಿತ್ತು?"

ಎರಡು ವರ್ಷದಿಂದ ಎಷ್ಟು ವಿಡಿಯೋ ನೋಡಿದ್ದೀನೋ ಲೆಕ್ಕ ಇಲ್ಲ. ಒಬ್ಬರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಹೆಪ್ಪಿನ ಪಾತ್ರೆ ಸೋಪು ಹಾಕಿ ತೊಳೆದು, ಮೊಸರು ಯಾಕೆ ಆಗಲಿಲ್ಲ ಅಂತ ಕೇಳಿದ ಹಾಗಿತ್ತು ನನ್ನ ಮೋಲಿ ಕತೆ. ಟ್ಯಾಂಕಿನ ಹಳೇ ನೀರು ತಂದರೂ ಅಷ್ಟೇನೂ ಪ್ರಯೋಜನ ಇಲ್ಲ, ಹೆಪ್ಪು ಇರೋದು ಸ್ಪಂಜಲ್ಲಿ, ಕಲ್ಲಲ್ಲಿ. ಹಾಗಾಗಿ ಸ್ಪಂಜನ್ನು ಒಣಗೋಕೆ ಬಿಡದೆ ಹಳೇ ನೀರಲ್ಲೇ ಮುಳುಗಿಸಿಟ್ಟಿದ್ದೆ. ಹಳೇ ಕಲ್ಲನ್ನೂ ತೊಳೆಯದೆ ಹೊಸ ಕಲ್ಲಿನ ಮೇಲೆ ಸುರಿದೆ.

ಮೀನು ಬಿಟ್ಟ ಮೇಲೆ ಲೈಟ್ ಹಾಕಲಿಲ್ಲ. ನಾಲ್ಕೂ ಮರದ ಬೇರಿನ ಹಿಂದೆ ಒಟ್ಟಾಗಿ ನಿಂತವು. ಕೆಂಪು ಗೆರೆ ತೊಳೆದ ಕುಂಕುಮದ ಹಾಗೆ ಮಾಸಿತ್ತು. ಗಾಬರಿಯಾದಾಗ ಬಣ್ಣ ಬಿಡುತ್ತವೆ ಅಂತ ಗೊತ್ತಿದ್ದೂ ರಾತ್ರಿ ಎರಡು ಸಲ ಎದ್ದು ನೋಡಿದೆ. ಮೊದಲ ದಿನ ಫುಡ್ಡೇ ಹಾಕಲಿಲ್ಲ, ಆಮೇಲೆ ಚಿಟಿಕೆ ಚಿಟಿಕೆ. ಮಗ ಎರಡು ಏಂಜೆಲ್ ಮೀನು ತರೋಣ ಅಂತ ಹಟ ಹಿಡಿದ. ತಿಂಗಳು ಆಗೋವರೆಗೆ ಬೇಡ ಅಂದೆ.

ಅಮೋನಿಯಾ ಟೆಸ್ಟ್ ಕಿಟ್ಟಲ್ಲಿ ಹಳದಿ ಬಂದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ ಅಂತ. ಮೂರನೇ ದಿನ ಹಳದಿ ಸ್ವಲ್ಪ ಹಸಿರಿಗೆ ತಿರುಗಿತು. ಎದೆ ಧಸಕ್ ಅಂತು. ಎರಡು ಬಕೆಟ್ ನೀರು ಬದಲಾಯಿಸಿದೆ. ಅತ್ತೆ ದಿನಾ ಸಂಜೆ ದೀಪ ಹಚ್ಚಿ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು, "ಹೆಪ್ಪು ಹಿಡೀತಾ?" ಎಂಟನೇ ದಿನ ಕಿಟ್ಟು ಮತ್ತೆ ಹಳದಿ ತೋರಿಸಿತು. ಆಮೇಲೂ ಹಳದಿಯೇ. ಅಷ್ಟರಲ್ಲಿ ಕೆಂಪು ಗೆರೆ ವಾಪಸ್ ಬಂದಿತ್ತು. ಈಗ ನಾಲ್ಕೂ ಸಾಲಾಗಿ ಮೂರು ಅಡಿ ಉದ್ದಕ್ಕೂ ಹೋಗಿ ಬರುತ್ತವೆ.

ಹಳೇ ಟ್ಯಾಂಕು ಬಾಲ್ಕನಿಗೆ ಹೋಯಿತು. ಅತ್ತೆ ಅದಕ್ಕೆ ಮಣ್ಣು ತುಂಬಿಸಿ ದೊಡ್ಡಪತ್ರೆ ಕಡ್ಡಿ ನೆಟ್ಟಿದ್ದಾರೆ. ಕೆಳಗೆ ತೂತಿಲ್ಲ, ನೀರು ನಿಂತು ಕೊಳೆಯುತ್ತೆ ಅತ್ತೆ ಅಂದೆ. "ನಿನ್ನ ಸ್ಪಂಜಿಗಿಂತ ಜಾಸ್ತಿ ಕೊಳೆಯುತ್ತಾ?" ಅಂದರು.