ಅಷ್ಟು ಕಡಿಮೆ ಮಾರ್ಕ್ಸಿಗೆ ನರ್ಸಿಂಗ್ ಸೀಟ್ ಹೇಗೆ ಸಿಕ್ತು?

"ಬೇಜಾರು ಮಾಡ್ಕೋಬೇಡಿ, ಡಿಗ್ರಿಯಲ್ಲಿ ನಿಮಗೆ ಅಂಥಾ ಮಾರ್ಕ್ಸೇನೂ ಇರಲಿಲ್ಲ ಅಲ್ವಾ? ಮತ್ತೆ ನರ್ಸಿಂಗ್ ಸೀಟ್ ಹೇಗೆ ಸಿಕ್ತು?"

ಬೇಜಾರು ಮಾಡ್ಕೋಬೇಡಿ ಅಂತ ಶುರುವಾದ ಮಾತಿಗೆ ನಾನು ಬೇಜಾರು ಮಾಡಿಕೊಳ್ಳದೇ ಇದ್ದದ್ದು ಒಂದು ಸಲವೂ ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನೂರಕ್ಕೆ 53. ಕಾಮರ್ಸ್ ಡಿಗ್ರಿ. ಕಾಯಿಲೆ ಬಿದ್ದಿದ್ದೆ, ಮನೇಲಿ ಕಷ್ಟ ಇತ್ತು ಅಂತ ಹೇಳೋದಕ್ಕೆ ಏನೂ ಇಲ್ಲ. ಓದಲಿಲ್ಲ, ಅಷ್ಟೇ. ಆಮೇಲೆ 11 ವರ್ಷ ಅಕೌಂಟ್ಸ್ ಕೆಲಸ. ನರ್ಸಿಂಗ್ ಸೇರಿದಾಗ 34.

ನನಗೆ ಉರಿಯುವುದು ಆ "ಸಿಕ್ತು" ಅನ್ನೋ ಪದಕ್ಕೆ. ಯಾರೋ ಬಸ್ಸಿನಲ್ಲಿ ಮರೆತುಹೋದ ಛತ್ರಿ ನನ್ನ ಕೈಗೆ ಬಂದ ಹಾಗೆ. ಎರಡು ಕಾಲೇಜುಗಳು ಬೇಡ ಅಂದವು. ಮೂರನೆಯದು ಕರೆಯಿತು. ನಡುವೆ ಒಂದೂವರೆ ವರ್ಷ ಕೆಲಸ ಮುಗಿಸಿ ಸಂಜೆ ಕ್ಲಾಸಿಗೆ ಹೋಗಿ ಬಯಾಲಜಿ, ಕೆಮಿಸ್ಟ್ರಿ ಮೊದಲಿಂದ ಓದಿದೆ. ಪಕ್ಕದಲ್ಲಿ ಕೂತಿದ್ದ ಹುಡುಗ ಮೊದಲ ದಿನ ನನ್ನನ್ನು ಟೀಚರ್ ಅಂದುಕೊಂಡು ಎದ್ದು ನಿಂತ.

ಉಪಯೋಗಕ್ಕೆ ಬರುವ ವಿಷಯ ಇಷ್ಟೇ, ಬೇಗ ಹೇಳಿಬಿಡುತ್ತೇನೆ. ಎಲ್ಲ ಕಾಲೇಜುಗಳೂ ಮಾರ್ಕ್ಸನ್ನು ಒಂದೇ ಥರ ನೋಡುವುದಿಲ್ಲ. ಕೆಲವು ಹಳೇ ಡಿಗ್ರಿಯ ಒಟ್ಟು ಅಂಕ ನೋಡುತ್ತವೆ, ಕೆಲವಕ್ಕೆ ವಿಜ್ಞಾನದ ವಿಷಯಗಳಷ್ಟೇ ಸಾಕು. ಮತ್ತೆ ಪರೀಕ್ಷೆ ಬರೆದರೆ ಒಂದು ಕಡೆ ಹೊಸ ಅಂಕ ಹಿಡಿಯುತ್ತಾರೆ, ಇನ್ನೊಂದು ಕಡೆ ಹಳೆಯದು ಹೊಸದು ಕೂಡಿಸಿ ಸರಾಸರಿ ತೆಗೆಯುತ್ತಾರೆ. ವಿಜ್ಞಾನ ಓದಿ ಇಂತಿಷ್ಟು ವರ್ಷ ದಾಟಿದ್ದರೆ ಲೆಕ್ಕಕ್ಕೇ ತಗೊಳ್ಳದವರೂ ಇದ್ದಾರೆ. ಫೀಸು ಕಟ್ಟುವ ಮುಂಚೆ ಇದನ್ನು ಕೇಳಿ. ನಾನು ಕೇಳಲಿಲ್ಲ. ಮೊದಲ ಎರಡು ಅರ್ಜಿ ದಂಡ.

ಶನಿವಾರ ಭಾನುವಾರ ಒಂದು ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಎಂಟು ತಿಂಗಳು ಕೆಲಸ ಮಾಡಿದೆ. ಬೆಡ್‌ಪ್ಯಾನ್ ಕೊಡುವುದು, ಊಟ ಮಾಡಿಸುವುದು, ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಹಾಗೆ ಹೊರಳಿಸದಿದ್ದರೆ ಮೂಳೆ ಒತ್ತುವ ಕಡೆ ರಕ್ತ ಹರಿಯದೆ ಚರ್ಮ ಹುಣ್ಣಾಗುತ್ತದೆ. ಅರ್ಜಿಗೆ ಇದು ಎಷ್ಟು ಸಹಾಯ ಮಾಡಿತೋ, ನನಗಂತೂ ಮಾಡಿತು. ವಾಸನೆಗೆ ಓಡಿಹೋಗುವವಳಾಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಲೆಕ್ಕ ಬರಬೇಕಾ ಅಂತಲೂ ಕೇಳುತ್ತಾರೆ. ಬರಬೇಕು. 1000 ಎಂಎಲ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು, ನಿಮ್ಮ ಕೈಲಿರುವ ಸೆಟ್ಟಿನಲ್ಲಿ 1 ಎಂಎಲ್‌ಗೆ 20 ಹನಿ. 20,000 ಹನಿ, 480 ನಿಮಿಷ. ನಿಮಿಷಕ್ಕೆ 42 ಹನಿ ಬೀಳಬೇಕು. ಹೈಸ್ಕೂಲಿನ ಲೆಕ್ಕ. ಆದರೆ ಔಷಧಿ ಲೆಕ್ಕದ ಪರೀಕ್ಷೆಯಲ್ಲಿ ನಮಗೆ ನೂರಕ್ಕೆ ನೂರೇ ಬರಬೇಕಿತ್ತು, 98 ಬಂದರೂ ಫೇಲ್. 5 ಮಿಲಿಗ್ರಾಂ ಅನ್ನು 5.0 ಅಂತ ಬರೆದರೂ ಕೆಂಪು ಗೆರೆ. ಆ ಚುಕ್ಕೆ ಯಾರ ಕಣ್ಣಿಗೋ ಬೀಳದೇ ಹೋದರೆ 50 ಆಗುತ್ತದೆ.

ಇಂಟರ್‌ವ್ಯೂನಲ್ಲಿ ಒಬ್ಬರು ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಬೆರಳಿಟ್ಟು "ಇದೇನಿದು?" ಅಂದರು. "ಓದಲಿಲ್ಲ ಸರ್" ಅಂದೆ. ಸ್ವಲ್ಪ ಹೊತ್ತು ಕಾದರು. ನಾನೂ ಸುಮ್ನೆ ಕೂತೆ. ಅದನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋದರು. ಇದು ಎಲ್ಲರಿಗೂ ನಡೆಯುತ್ತೆ ಅಂತ ಹೇಳುತ್ತಿಲ್ಲ.

ಸೀಟಿನ ಕಥೆ ಮುಗಿಯಿತು. ಯಾರಾದರೂ ಒಬ್ಬರು "ಸೇರಿದ ಮೇಲೆ ಆ 53ರ ಬುದ್ಧಿ ಬಿಟ್ಟುಹೋಯ್ತಾ?" ಅಂತ ಕೇಳಬಾರದಾ? ಕೇಳಿಲ್ಲ. ಆದರೂ ಹೇಳುತ್ತೇನೆ.

ವಾರ್ಡಿಗೆ ಹೋದ ಮೊದಲ ವಾರ. ಬೆಳಿಗ್ಗೆ ಒಬ್ಬರು ಅಜ್ಜಿಯ ಬಿಪಿ ನೋಡಬೇಕಿತ್ತು, ಮಷಿನ್ ಇಲ್ಲದೆ, ಸ್ಟೆತಸ್ಕೋಪ್ ಇಟ್ಟು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರೆ ರಕ್ತ ನಿಲ್ಲುತ್ತದೆ. ನಿಧಾನಕ್ಕೆ ಗಾಳಿ ಬಿಟ್ಟಾಗ ಟಪ್ ಅಂತ ಮೊದಲ ಸದ್ದು ಕೇಳುವುದು ಮೇಲಿನ ಸಂಖ್ಯೆ, ಸದ್ದು ನಿಂತುಹೋಗುವುದು ಕೆಳಗಿನದು. ರಷ್ಯಾದ ಡಾಕ್ಟರ್ ಕೊರೊಟ್ಕೊವ್ 1905ರಲ್ಲಿ ಹೇಳಿಕೊಟ್ಟ ವಿಧಾನ. ಪರೀಕ್ಷೆಯಲ್ಲಿ ಅವರ ಹೆಸರು, ಇಸವಿ ಎರಡೂ ಬರೆದಿದ್ದೆ.

ಮುಳ್ಳು ಇಳಿಯಿತು. ನನಗೆ ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ನೋಡಿದೆ. ಇಲ್ಲ. ಮೇಡಂ ಪಕ್ಕದ ಬೆಡ್ ಮುಗಿಸಿ ನನ್ನ ಕಡೆ ಬರುತ್ತಿದ್ದರು, ನನಗಿಂತ ಆರು ವರ್ಷ ಚಿಕ್ಕವರು. ಚಾರ್ಟಿನಲ್ಲಿ 120/80 ಅಂತ ಬರೆದೆ.

ಅಕೌಂಟ್ಸಿನ 11 ವರ್ಷದಲ್ಲಿ ವೋಚರ್ ಇಲ್ಲದೆ ಒಂದು ಸಾಲು ಬರೆದವಳಲ್ಲ ನಾನು. ಇದು ಅದಕ್ಕಿಂತ ಹಳೇ ಚಾಳಿ. ಗೊತ್ತಿಲ್ಲದಿದ್ದರೂ ಏನಾದರೂ ಬರಿ, ಖಾಲಿ ಬಿಡಬೇಡ, ಅರ್ಧ ಮಾರ್ಕಾದರೂ ಬರುತ್ತೆ. ಆ 53ರಲ್ಲಿ ಎಷ್ಟೋ ಮಾರ್ಕ್ಸ್ ಹಾಗೇ ಬಂದಿದ್ದವು.

ಮೇಡಂ ಚಾರ್ಟ್ ನೋಡಿದರು. "ಒಳ್ಳೆ ಪುಸ್ತಕದಿಂದ ಎದ್ದುಬಂದ ಹಾಗಿದೆ. ಕೇಳಿಸ್ತಾ?"

"ಕೇಳಿಸ್ತು."

ಅವರು ಪಟ್ಟಿ ಕಟ್ಟಿ ತಾವೇ ನೋಡಿದರು. 92/58. ಅಜ್ಜಿಗೆ ಬಿಪಿ ಇಳಿಸುವ ಮಾತ್ರೆ ಒಂಬತ್ತು ಗಂಟೆಗೆ ಕೊಡಬೇಕಿತ್ತು. ಟ್ರೇನಲ್ಲಿ ಆಗಲೇ ತಯಾರಿತ್ತು. ಮೇಡಂ ಅದನ್ನು ಎತ್ತಿ ಪಕ್ಕಕ್ಕಿಟ್ಟು ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಮತ್ತೆ ಅದೇ ಪ್ರಶ್ನೆ. "ಕೇಳಿಸ್ತಾ?"

"ಇಲ್ಲ."

ನನ್ನ ಕಿವಿಯಿಂದ ಸ್ಟೆತಸ್ಕೋಪ್ ತೆಗೆದು, ತಿರುಗಿಸಿ, ಮತ್ತೆ ಹಾಕಿದರು. ಕಿವಿಗಿಡುವ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು. ನಾನು ಹಿಂದುಮುಂದಾಗಿ ಹಾಕಿಕೊಂಡಿದ್ದೆ. ಅದು ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು.

ಅಜ್ಜಿ ಅಷ್ಟನ್ನೂ ನೋಡುತ್ತಾ ಮಲಗಿದ್ದರು. 120/80 ಬರೆದದ್ದನ್ನೂ ನೋಡಿದ್ದರು ಅಂತ ನನಗೆ ಖಾತ್ರಿ. ತೋಳಿಗೆ ಒಂದೆರಡು ನಿಮಿಷ ಬಿಡುವು ಕೊಟ್ಟು ಮತ್ತೆ ನೋಡಬೇಕು ಅಂದರು ಮೇಡಂ. ಆ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿಯೇ ತೋಳು ಮುಂದೆ ಚಾಚಿದರು.

"ನೋಡಮ್ಮ, ನನಗೇನು ಆಫೀಸಿಗೆ ಹೋಗ್ಬೇಕಾ."

94ಕ್ಕೆ ಕೇಳಿಸಿತು.